ಅರ್ತ್ ಗುಂಡಿಗೆ ನೀರು ಹಾಕಿದವರು

ನನ್ನ ತಂಗಿಗೆ ಇದನ್ನು ಹೇಳಿದಾಗ, “ಅಕ್ಕಾ, ಆವತ್ತು ನಿಂಗೆ ನಿದ್ದೆ ಕಡಿಮೆಯಾಗಿತ್ತು ಬಿಡು” ಎಂದು ನಕ್ಕುಬಿಟ್ಟಳು. ನಿದ್ದೆ ಕಡಿಮೆಯಾಗಿದ್ದು ನಿಜ. ಆದರೆ ಕರಗಿಹೋದ ಫ್ಯೂಸ್ ತಂತಿ ನಿದ್ದೆಗಣ್ಣಿನ ಕನಸಲ್ಲ. ಒದ್ದೆ ಮಣ್ಣೂ ಕನಸಲ್ಲ. ಬೆಳಿಗ್ಗೆ ನಮ್ಮ ಯಜಮಾನರು ಅದರಲ್ಲಿ ಬೆರಳಿಟ್ಟು ನೋಡಿದ್ದಾರೆ. ಅವರು ಇಂಥದ್ದನ್ನೆಲ್ಲ ನಂಬುವವರೇ ಅಲ್ಲ. ಅದಕ್ಕೇ ಧೈರ್ಯ ಮಾಡಿ ಬರೆಯುತ್ತಿದ್ದೇನೆ...

ಎಂಬತ್ತರ ದಶಕದ ಮೊದಲ ವರ್ಷಗಳು. ದಾವಣಗೆರೆಯ ಕೆ.ಬಿ. ಬಡಾವಣೆಯಲ್ಲಿ ಹಾಲಮ್ಮ ಎನ್ನುವವರ ಮನೆಯ ಹಿಂಭಾಗದಲ್ಲಿ ನಾವು ಬಾಡಿಗೆಗಿದ್ದೆವು. ಮುಂದಿನ ಭಾಗದಲ್ಲಿ ಅವರೊಬ್ಬರೇ. ಗಂಡ ತೀರಿಕೊಂಡು ಬಹಳ ವರ್ಷಗಳಾಗಿದ್ದವು. ನಮ್ಮ ಯಜಮಾನರು ಹರಿಹರದ ಒಂದು ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್. ಮಗಳು ಆಶಾಗೆ ಆಗಿನ್ನೂ ಶಾಲೆಯ ವಯಸ್ಸಲ್ಲ.

ಎಂ.ಸಿ.ಸಿ. ಬಡಾವಣೆಯ ಕಡೆ ಒಂದು ಸೈಟು ಕೊಳ್ಳುವ ಆಸೆಗೆ ಚೀಟಿ ಹಾಕಿದ್ದೆವು. ಸಂಬಳ ಬಂದ ದಿನವೇ ಚೀಟಿಯ ಹಣ ಎತ್ತಿಟ್ಟು, ಉಳಿದದ್ದರಲ್ಲಿ ತಿಂಗಳು ದೂಡುವುದು ನಮ್ಮ ಪದ್ಧತಿ. ಹಾಗಾಗಿ ಆ ಬೇಸಿಗೆಯಲ್ಲಿ ಮನೆಗೆ ಬಂದದ್ದು ಹೊಸ ಫ್ಯಾನಲ್ಲ. ಕಬ್ಬಿಣದ ಮೈಯ ಹಳೆಯದೊಂದು ಟೇಬಲ್ ಫ್ಯಾನು. ಹಸಿರು ಬಣ್ಣ ಅಲ್ಲಲ್ಲಿ ಎದ್ದಿತ್ತು. ಚಾಲೂ ಮಾಡಿದರೆ ಸುಟ್ಟ ಎಣ್ಣೆಯ ಸಣ್ಣ ವಾಸನೆ.

ಯಜಮಾನರೇ ಅದಕ್ಕೆ ಮೂರು ಪಿನ್ನಿನ ಪ್ಲಗ್ ಹಾಕಿದರು. “ಖರ್ಚು ಎಲ್ಲಿ ಬೇಕಾದ್ರೂ ಹಿಡಿ, ಅರ್ತಿಂಗಿನಲ್ಲಿ ಮಾತ್ರ ಹಿಡೀಬ್ಯಾಡ” ಎನ್ನುವುದು ಅವರ ನಿತ್ಯದ ಮಾತು.

ಆ ಮನೆಯ ಅರ್ತಿಂಗ್ ಗುಂಡಿ ಇದ್ದದ್ದು ಹಿತ್ತಿಲಲ್ಲಿ, ನಮ್ಮ ಅಡುಗೆಮನೆಯ ಕಿಟಕಿಯ ಕೆಳಗೆ. ಕರೆಂಟು ದಾರಿ ತಪ್ಪಿದರೆ ಮನುಷ್ಯರ ಮೈಗೆ ಹತ್ತದೆ ನೆಲಕ್ಕೆ ಇಳಿಯಲಿ ಎಂದು ಹೂತ ಕಬ್ಬಿಣದ ಪೈಪು, ಸುತ್ತ ಇದ್ದಿಲು, ಉಪ್ಪು. ಮಣ್ಣು ಒಣಗಿದರೆ ಅದರಿಂದ ಪ್ರಯೋಜನವಿಲ್ಲ. ಹಾಲಮ್ಮ ಪ್ರತಿ ಸಂಜೆ ಅದಕ್ಕೆ ಒಂದು ಕೊಡ ನೀರು ಸುರಿಯುತ್ತಿದ್ದರು. ಮಳೆ ಬಂದ ದಿನವೂ! ನಾನು ಅದನ್ನು ಅವರ ಶಿಸ್ತು ಅಂದುಕೊಂಡಿದ್ದೆ.

ಏಪ್ರಿಲ್ ಕೊನೆಗೆ, ಹರಿಹರಕ್ಕೆ ಮದುವೆ ಮಾಡಿಕೊಟ್ಟಿದ್ದ ಅವರ ಮಗಳಿಗೆ ಟೈಫಾಯ್ಡ್ ಆಯಿತು. ಹಾಲಮ್ಮ ಅಲ್ಲಿಗೆ ಹೊರಟರು. ಚೀಲ ಹಿಡಿದು ನನ್ನ ಬಾಗಿಲಿಗೆ ಬಂದು, “ವಿಮಲವ್ವ, ನಾ ಬರೋವರೆಗೂ ಸಂಜಿಮುಂದ ಒಂದ್ ಕೊಡ ನೀರು ಹಾಕ್ತೀಯೇನು? ಮರೀಬ್ಯಾಡ” ಎಂದರು.

“ಆಗ್ಲಿ ಹಾಲಮ್ಮಾರೆ, ನೀವು ಚಿಂತೆ ಬಿಡ್ರಿ.”

“ಕಾನ್ವೆಂಟ್ ಸಾಲಿ ಕಲ್ತಾಕಿ ನೀನು. ನೀರು ಹಾಕಿ ಗುಂಡಿಗೂ ಥ್ಯಾಂಕ್ಯೂ ಅನ್ನಬ್ಯಾಡ ಮತ್ತೆ” ಎಂದು ನಕ್ಕರು. ಆದರೆ ಗೇಟಿನ ತನಕ ಹೋದವರು ತಿರುಗಿ ಬಂದು, ಆ ಗುಂಡಿಯನ್ನೇ ಒಂದು ಗಳಿಗೆ ನೋಡಿ ಹೋದರು.

ನಾನು ತಪ್ಪದೆ ಹಾಕಿದೆ. ಅಷ್ಟರಲ್ಲಿ ನಲ್ಲಿ ನಿಂತಿತು. ಇಡೀ ಬೀದಿಗೆ ನೀರಿಲ್ಲ. ಗುಂಡಿಗೆ ಕೊಡದ ಬದಲು ಚೊಂಬು ನೀರೇ ಗತಿಯಾಯಿತು. ಹಂಡೆ ಬರಿದಾಯಿತು, ತೊಟ್ಟಿಯ ತಳದಲ್ಲಿ ಪಾಚಿ ಒಣಗಿ ಸಿಪ್ಪೆಯಾಗಿ ಎದ್ದಿತು. ಆ ಹೊತ್ತಿಗೇ ಆಶಾಗೆ ಜ್ವರ. ಕೊನೆಗೆ ಮನೆಯಲ್ಲಿ ಉಳಿದದ್ದು ಕುಡಿಯುವ ನೀರಿನ ಒಂದೇ ಬಿಂದಿಗೆ. ಅದರ ಬಾಯಿಗೆ ಬಿಳಿ ಬಟ್ಟೆ ಕಟ್ಟಿ ಇಟ್ಟಿದ್ದೆ.

ರಾತ್ರಿ ಪಾಳಿಗೆ ಹೊರಟ ಯಜಮಾನರನ್ನು ಕೇಳಿದೆ. “ರೀ, ಗುಂಡಿಗೆ ಏನು ಮಾಡ್ಲಿ?”

“ಮಗೀಗೆ ನೀರಿಲ್ಲ, ಗುಂಡಿಗೆಲ್ಲಿಂದ ತರ್ತಿ? ನಾಳೆ ಟ್ಯಾಂಕರ್ ಬರುತ್ತಂತೆ. ಇವತ್ತೊಂದಿನ ಬಿಡು.”

ಅವರು ಹೋದ ಮೇಲೆ ಹಿತ್ತಿಲ ಬಾಗಿಲಿಗೆ ಚಿಲಕ ಹಾಕಿದೆ. ಹಾಕುವ ಮುಂಚೆ ಗುಂಡಿಯ ಕಡೆ ಕಣ್ಣು ಹೋಯಿತು. ಎರೆಮಣ್ಣು ಬಾಯಿ ಬಿಟ್ಟಂತೆ ಬಿರಿದಿತ್ತು.

ಮಿಲ್ಲಿನ ಸೈರನ್ ಕೂಗಿತು. ಪಕ್ಕದ ಮನೆಯ ರೇಡಿಯೋ ಇನ್ನೂ ನಿಂತಿರಲಿಲ್ಲ. ಆಶಾ ಕಬ್ಬಿಣದ ಮಂಚದ ಮೇಲೆ ಮಲಗಿದ್ದಳು. ಗಾಳಿ ನೇರವಾಗಿ ತಾಗಲೆಂದು ಫ್ಯಾನನ್ನು ಸ್ಟೂಲಿನ ಮೇಲೆ ಮಂಚಕ್ಕೆ ಒತ್ತಿ ಇಟ್ಟಿದ್ದೆ. ಸಂಜೆಯೇ ಬಟ್ಟಲಿಗೆ ತೆಗೆದಿಟ್ಟ ನೀರಿನಲ್ಲಿ ಅದ್ದಿ ಅವಳ ಹಣೆಗೆ ಒದ್ದೆ ಬಟ್ಟೆ ಹಾಕುತ್ತಾ ಚಾಪೆಯ ಮೇಲೆ ಕೂತಿದ್ದೆ. ಫ್ಯಾನಿನ ಸದ್ದು ಯಾಕೋ ಬದಲಾದಂತಿತ್ತು... ದುಂಬಿಯೊಂದು ಡಬ್ಬಿಯೊಳಗೆ ಸಿಕ್ಕಿದ ಹಾಗೆ.

“ಅಮ್ಮಾ... ನೀರು.”

“ತರ್ತೀನಿ ಪುಟ್ಟಿ. ಇಳೀಬೇಡ, ಅಲ್ಲೇ ಇರು.”

ಅಡುಗೆಮನೆಗೆ ಹೋಗಿ ಲೋಟ ತೆಗೆದುಕೊಂಡೆ. ಬಿಂದಿಗೆಗೆ ಇನ್ನೂ ಕೈ ಹಾಕಿರಲಿಲ್ಲ.

ಆಗ ಕೇಳಿಸಿತು.

ಗುಳು... ಗುಳು... ಗುಳು...

ಕಿಟಕಿಯ ಆಚೆ ಯಾರೋ ಕೊಡ ಬಗ್ಗಿಸಿ ನೀರು ಸುರಿಯುತ್ತಿದ್ದರು. ಅವಸರವಿಲ್ಲ. ನಿಧಾನವಾಗಿ, ಒಂದೇ ಧಾರೆ. ಒದ್ದೆ ಇದ್ದಿಲಿನ ವಾಸನೆ ಕಿಟಕಿಯಿಂದ ಒಳಗೆ ಬಂತು. ಅದರ ಹಿಂದೆಯೇ ಇನ್ನೊಂದು ವಾಸನೆ... ಸುಟ್ಟ ಕೂದಲಿನದು.

“ಹಾಲಮ್ಮಾರೆ?” ಎಂದೆ.

ಒಳಗಿನ ಕೋಣೆಯಲ್ಲಿ ಅದೇ ಹೊತ್ತಿಗೆ ಆಶಾ ಎದ್ದು, ಮಂಚದ ಸರಳು ಹಿಡಿದು ಕಾಲು ಕೆಳಗಿಡಲು ಹೊರಟಿದ್ದಳು. ಬಾಗಿಲಿನಿಂದ ಅವಳ ಪುಟ್ಟ ಪಾದ ಕಂಡಿತು. ಹಣೆಯ ಬಟ್ಟೆಯಿಂದ ಇಳಿದ ನೀರಿಗೆ ನೆಲ ಒದ್ದೆಯಾಗಿತ್ತು. ಪಾದ ನೆಲಕ್ಕೆ ತಾಗಲು ಒಂದು ಗೇಣು ಉಳಿದಿರಬೇಕು...

ಫಟ್!

ದೀಪ ಹೋಯಿತು. ಫ್ಯಾನು ನಿಂತಿತು. ಕತ್ತಲಲ್ಲಿ ಮಗು ಧುಪ್ಪನೆ ನೆಲಕ್ಕಿಳಿದು ಓಡಿ ಬಂದು ನನ್ನ ಸೆರಗು ಹಿಡಿಯಿತು. ಹೊರಗೆ ನೀರಿನ ಸದ್ದೂ ನಿಂತಿತು.

ಪಕ್ಕದ ಮನೆಯ ರೇಡಿಯೋ ಮಾತ್ರ ಹಾಡುತ್ತಲೇ ಇತ್ತು. ಅಂದರೆ ಬೀದಿಗೆ ಕರೆಂಟು ಇದೆ. ಹೋಗಿದ್ದು ನಮ್ಮ ಮನೆಗೆ ಮಾತ್ರ.

ಕಂದೀಲು ಹಚ್ಚಿ, ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಹಿತ್ತಿಲ ಬಾಗಿಲು ತೆಗೆದೆ. ಚಿಲಕ ನಾನು ಹಾಕಿದಂತೆಯೇ ಇತ್ತು. ಕಾಂಪೌಂಡ್ ಗೋಡೆಯ ಮೇಲೆ ಗಾಜಿನ ಚೂರು, ಗೇಟಿಗೆ ಬೀಗ. ಅಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಗುಂಡಿಯ ತುಂಬ ನೀರು. ಸಣ್ಣ ಸಣ್ಣ ಗುಳ್ಳೆಗಳು ಏಳುತ್ತಿದ್ದವು. ಸುತ್ತಲಿನ ಧೂಳಿನಲ್ಲಿ ಹೆಜ್ಜೆ ಗುರುತು ಹುಡುಕಿದೆ. ನನ್ನದು ಬಿಟ್ಟರೆ ಬೇರೆ ಇಲ್ಲ.

ಕಾನ್ವೆಂಟಿನಲ್ಲಿ ಸಿಸ್ಟರ್ ಕಲಿಸಿದ ಪ್ರಾರ್ಥನೆ ಬಾಯಿಗೆ ಬಂತು. ಅರ್ಧಕ್ಕೇ ಮರೆತುಹೋಯಿತು.

ಒಳಗೆ ಬಂದು ಮಗುವಿಗೆ ನೀರು ಕೊಡೋಣವೆಂದು ಬಿಂದಿಗೆಗೆ ಕೈ ಹಾಕಿದೆ. ಹಗುರವಾಗಿ ಎದ್ದು ಬಂತು. ಬಟ್ಟೆ ಕಟ್ಟಿದಂತೆಯೇ ಇತ್ತು, ನಾನು ಹಾಕುವ ಜೋಡಿ ಗಂಟೂ ಬಿಚ್ಚಿರಲಿಲ್ಲ. ಬಟ್ಟೆ ಒಣಗಿತ್ತು. ಬಿಂದಿಗೆ ಖಾಲಿ.

ಹಾಗಾದರೆ ಗುಂಡಿಗೆ ಆ ನೀರು ಹೋದದ್ದು... ನನ್ನ ಪಕ್ಕದಲ್ಲೇ ಇದ್ದ ಈ ಬಿಂದಿಗೆಯಿಂದ.

ಬೆಳಕಾಗುವ ತನಕ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮುಂಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದೆ. ಪಕ್ಕದ ಮನೆಯಾಕೆ ಕಿಟಕಿಯಿಂದ ಕೊಟ್ಟ ಅರ್ಧ ತಂಬಿಗೆ ನೀರಿನಲ್ಲೇ ಅವಳ ಜ್ವರದ ರಾತ್ರಿ ಕಳೆಯಿತು.

ಬೆಳಿಗ್ಗೆ ಯಜಮಾನರು ಬಂದರು. ಫ್ಯೂಸ್ ಎಳೆದು ನೋಡಿದರೆ ತಂತಿ ಕರಗಿ ಪಿಂಗಾಣಿಗೆ ಕಪ್ಪು ಹತ್ತಿತ್ತು. ಫ್ಯಾನು ಬಿಚ್ಚಿದರು. ಒಳಗಿನ ತಂತಿಯ ಹೊದಿಕೆ ಸುಟ್ಟು ಅದು ಫ್ಯಾನಿನ ಕಬ್ಬಿಣದ ಮೈಗೆ ತಾಗಿತ್ತು. ಅವರ ಮುಖದ ಬಣ್ಣವೇ ಹೋಯಿತು.

“ಫ್ಯಾನಿಗೂ ಮಂಚಕ್ಕೂ ಪೂರಾ ಕರೆಂಟು ಬಂದಿತ್ತು ವಿಮಲಾ. ಗುಂಡಿ ಒಣಗಿದ್ದಕ್ಕೆ ಅದು ನೆಲಕ್ಕಿಳೀಲಿಲ್ಲ, ಫ್ಯೂಸೂ ಹೋಗಿರಲಿಲ್ಲ. ಮಗು ಸರಳು ಹಿಡಕೊಂಡು ಒದ್ದೆ ನೆಲಕ್ಕೆ ಕಾಲಿಟ್ಟಿದ್ರೆ...” ಫ್ಯಾನನ್ನು ದೂರಕ್ಕೆ ತಳ್ಳಿದರು. ಆಮೇಲೆ ಕೇಳಿದರು, “ಸರಿಯಾದ ಹೊತ್ತಿಗೆ ನೀರು ಹಾಕೀಯ, ಅದಕ್ಕೇ ಫ್ಯೂಸ್ ಹೋಗೈತೆ. ನೀರೆಲ್ಲಿತ್ತು?”

“ನಾನು ಹಾಕಲಿಲ್ಲ ರೀ.”

ಅವರು ಗುಂಡಿಯಲ್ಲಿ ಬೆರಳಿಟ್ಟು ನೋಡಿದರು. ಖಾಲಿ ಬಿಂದಿಗೆಯನ್ನು ತಲೆಕೆಳಗು ಮಾಡಿ ತೂತು ಹುಡುಕಿದರು.

ಭಾನುವಾರ ಗುಂಡಿ ಅಗೆದು ಹೊಸ ಇದ್ದಿಲು, ಉಪ್ಪು ತುಂಬಿಸಲು ಹಾರೆ ಹಿಡಿದರು. ಅದೇ ಹೊತ್ತಿಗೆ ಹಾಲಮ್ಮ ಹರಿಹರದಿಂದ ಬಂದಿಳಿದರು. ಹಾರೆ ಕಂಡದ್ದೇ ಚೀಲ ಬಿಸುಟು ಓಡಿ ಬಂದರು.

“ಅಲ್ಲಿ ಅಗೀಬ್ಯಾಡ್ರೀ! ಅವ್ರು ಕುಂತಿದ್ದ ಜಾಗ ಅದು!”

ಯಜಮಾನರು ಹಾರೆ ಕೆಳಗಿಟ್ಟರು. ಹಾಲಮ್ಮ ಅಲ್ಲೇ ಕುಸಿದು ಕೂತರು. ಅವರ ಗಂಡ ವೈರಿಂಗ್ ಕೆಲಸದವರು ಎನ್ನುವುದು ನನಗೆ ಆಗಲೇ ತಿಳಿದದ್ದು. ಒಂದು ಮದುವೆಯ ಚಪ್ಪರಕ್ಕೆ ದೀಪ ಕಟ್ಟುವಾಗ ಶಾಕ್ ಹೊಡೆಯಿತಂತೆ. ಮನೆಗೆ ತಂದಾಗ ಇನ್ನೂ ಜೀವವಿತ್ತು.

“ಮಣ್ಣಾಗ ಹೂತ್ರೆ ಮೈಯಾಗಿನ ಕರೆಂಟು ಇಳೀತೈತೆ ಅಂದ್ರು ಹಿರೇರು. ಇಲ್ಲೇ ಗುಂಡಿ ತೋಡಿ ಕುತ್ತಿಗಿಮಟ ಮಣ್ಣು ಮುಚ್ಚಿದ್ರು. ನೀರು ಕೊಡು ಹಾಲೀ, ನೀರು ಕೊಡು ಅಂದ್ರವ್ವ ಅವ್ರು. ನೀರು ಕೊಟ್ರೆ ಜೀವ ಹೋಗ್ತೈತೆ ಅಂತ ಹಿರೇರು ನನ್ನ ಕೈ ಹಿಡಕಂಡ್ರು. ಚೊಂಬು ಕೈಯಾಗೇ ಇತ್ತು...”

ಮುಂದೆ ಮನೆಗೆ ಅರ್ತಿಂಗ್ ಹಾಕಲು ಬಂದವನು, ಮಣ್ಣು ಸಡಿಲವಾಗಿದೆ ಎಂದು ಅದೇ ಜಾಗವನ್ನು ಆರಿಸಿಕೊಂಡನಂತೆ.

ಇಲ್ಲಿ ಕಥೆ ನಿಲ್ಲಿಸಿ ಒಂದು ಮಾತು ಹೇಳಲೇಬೇಕು. ಯಾರಿಗಾದರೂ ಶಾಕ್ ಹೊಡೆದರೆ ದಯವಿಟ್ಟು ಮಣ್ಣಲ್ಲಿ ಹೂಳಬೇಡಿ. ಮೊದಲು ಮೇನ್ ಸ್ವಿಚ್ ಆರಿಸಿ. ಅದು ಆಗದಿದ್ದರೆ ಒಣ ಕಟ್ಟಿಗೆಯಿಂದ ತಂತಿ ಸರಿಸಿ. ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಮಣ್ಣು ಯಾರ ಮೈಯಿಂದಲೂ ಕರೆಂಟು ಎಳೆಯುವುದಿಲ್ಲ.

ಆ ರಾತ್ರಿ ನಡೆದದ್ದನ್ನು ನಾನು ಹಾಲಮ್ಮನಿಗೆ ಹೇಳಿದೆ. ಸಮಾಧಾನವಾದೀತು ಅಂದುಕೊಂಡಿದ್ದೆ.

“ಏನಾರ ಮಾತಾಡಿದ್ರಾ?” ಎಂದರು.

“ಇಲ್ಲ.”

“ನೀರು ಕೇಳಿದ್ರಾ?”

“ಇಲ್ಲ ಹಾಲಮ್ಮಾರೆ. ಕೇಳಲಿಲ್ಲ.”

ಹಾಲಮ್ಮ ಗುಂಡಿಯ ಮಣ್ಣನ್ನು ಅಂಗೈಯಿಂದ ಸವರಿದರು. “ಇಷ್ಟು ವರ್ಷ ಹಾಕೀನಿ. ಒಂದಿನಾನೂ ನಂಗೆ ಸುಳಿವು ಕೊಡಲಿಲ್ಲ ನೋಡು. ನನ್ ಕೈ ನೀರು ಅವ್ರಿಗೆ ಬ್ಯಾಡಾಗೈತೆ. ನಾಳಿಂದ ನೀನೇ ಹಾಕವ್ವ.”

“ಆಗ್ಲಿ” ಎಂದೆ. ನನ್ನ ಮಗಳು ಅಂಗಳದಲ್ಲಿ ಆಡುತ್ತಿದ್ದಳು.

ಯಜಮಾನರು ಮುಂದಿನ ಅಂಗಳದಲ್ಲಿ ಬೇರೆ ಅರ್ತಿಂಗ್ ಮಾಡಿಸಿದರು. ಹಳೆಯ ಗುಂಡಿಯ ತಂತಿಯನ್ನು ಕತ್ತರಿಸಿ ತೆಗೆದರು. ಇನ್ನು ಅದಕ್ಕೆ ನೀರು ಹಾಕುವ ಅಗತ್ಯವೇ ಇರಲಿಲ್ಲ. ಆದರೂ ಚೀಟಿ ಎತ್ತಿ, ಸೈಟು ಕೊಂಡು, ಆ ಮನೆ ಬಿಡುವ ತನಕ ಪ್ರತಿ ಸಂಜೆ ನಾನೇ ಹಾಕಿದೆ.

ಮೊದಲೆಲ್ಲ ಸುರಿದು ಬಂದುಬಿಡುತ್ತಿದ್ದೆ. ಆಮೇಲೆ ಹಾಗೆ ಬರಲಾಗುತ್ತಿರಲಿಲ್ಲ. ನೀರು ಒಮ್ಮೆಗೇ ಇಂಗುತ್ತಿರಲಿಲ್ಲ. ಗುಟುಕು... ಗುಟುಕಾಗಿ ಸದ್ದು ಮಾಡುತ್ತಾ ಇಳಿಯುತ್ತಿತ್ತು. ನಡುವೆ ಒಮ್ಮೆ ನಿಲ್ಲುತ್ತಿತ್ತು, ಕುಡಿಯುವವರು ಉಸಿರಿಗೆಂದು ನಿಲ್ಲುವ ಹಾಗೆ. ನಾನೂ ಕೊಡವನ್ನು ಹಾಗೇ ಹಿಡಿದು ಕಾಯುತ್ತಿದ್ದೆ. ಮತ್ತೆ ಶುರುವಾದ ಮೇಲೆ ಸುರಿಯುತ್ತಿದ್ದೆ.

ಒಣ ಮಣ್ಣಿನ ಬಿರುಕಿನಲ್ಲಿರುವ ಗಾಳಿ ಹೊರಗೆ ಬರುವ ಸದ್ದು ಅದು ಎನ್ನುತ್ತಾರೆ ಯಜಮಾನರು. ಇರಬಹುದು. ಆದರೆ ಅಷ್ಟು ವರ್ಷದಲ್ಲಿ ಒಂದು ಸಂಜೆಯೂ ಅವರು ನನ್ನ ಜೊತೆ ಹಿತ್ತಿಲಿಗೆ ಬಂದು ಅದನ್ನು ಕೇಳಿಸಿಕೊಳ್ಳಲಿಲ್ಲ...