ಅಜ್ಜಿಯ ದನಿಯನ್ನು ಮ್ಯೂಟ್ ಮಾಡಿದ್ದೆ

ನನಗೆ ಮದುವೆಯಾಯಿತು, ಇನ್ನೂ ನಂಬೋಕೇ ಆಗುತ್ತಿಲ್ಲ! ಇವತ್ತು ಸಾಮಾನು ಬಿಚ್ಚುವಾಗ ಶಾಲೆಯ ಕಾಲದ ಪೆನ್‌ಡ್ರೈವ್ ಸಿಕ್ಕಿತು. ಅದರಲ್ಲಿ ನಮ್ಮೂರ ಆಲೆಮನೆ ಬಗ್ಗೆ ಪದರ ಪದರವಾಗಿ ಜೋಡಿಸಿದ್ದ ನನ್ನ ಆಡಿಯೊ ಪ್ರಾಜೆಕ್ಟ್! ತಳದಲ್ಲಿ ಗಾಣದ ಗುಡುಗುಡು, ಅದರ ಮೇಲೆ ಕೊಪ್ಪರಿಗೆಯ ಕೊತಕೊತ, ಎಲ್ಲಕ್ಕೂ ಮೇಲೆ ನನ್ನ ಇಂಗ್ಲಿಷ್. ಇನ್ನೊಂದು ಪದರದಲ್ಲಿ ಅಜ್ಜಿ: “ದೂರ ನಿಂತ್ಕೊ ಕಣವ್ವ, ಪಾಕ ಸಿಡೀತದೆ!”

ಗೆಳತಿಯರು ನಕ್ಕಾರೆಂದು ಆ ಪದರವನ್ನು ಮ್ಯೂಟ್ ಮಾಡಿದ್ದೆ. ಪ್ರಾಜೆಕ್ಟ್ ಕೇಳಿಸಿದ ದಿನ ತನ್ನ ದನಿ ಕೇಳಲೆಂದೇ ರೇಷ್ಮೆ ಸೀರೆಯುಟ್ಟು ಶಾಲೆಗೆ ಬಂದಿದ್ದ ಅಜ್ಜಿ ಕೊನೆಯವರೆಗೂ ಕಿವಿಗೊಟ್ಟು ಕೂತಿದ್ದಳು.

“ನನ್ ಮಾತು ಎಲ್ಲೋಯ್ತವ್ವ?”

“ಮಿಷನ್ ಕೆಟ್ಟೋಯ್ತು ಅಜ್ಜಿ,” ಎಂದುಬಿಟ್ಟೆ.

ಈಗ ನನ್ನವರು ಆ ಮ್ಯೂಟ್ ತೆಗೆದರು. ಮನೆತುಂಬ ಅಜ್ಜಿ!

ಅಜ್ಜಿ, ಮಿಷನ್ ಕೆಟ್ಟಿರಲಿಲ್ಲ. ನಿನ್ನ ಮಾತು ತರುತ್ತಿದ್ದೇನೆ. ಶನಿವಾರ ಸಂಜೆ, ಚಾಮುಂಡಿ ಎಕ್ಸ್‌ಪ್ರೆಸ್, ಮದ್ದೂರು ಸ್ಟೇಷನ್ನಿನಲ್ಲಿ ಇಳಿಯುತ್ತೇನೆ.