ಜಗಲಿಯ ಮೂಲೆಯ ಕೋಣೆ

ಪಿಟೀಲು ಮಾಂತ್ರಿಕನೆಂದು ಲೋಕವೆಲ್ಲ ಕೊಂಡಾಡಿದ ಮನುಷ್ಯನ ಒಬ್ಬಳೇ ಮಗಳು ಈಗ ಸ್ಮಾರಕವಾಗಿರುವ ಅವನ ಮನೆಯ ಬಾಗಿಲಲ್ಲಿ ಕೂತು ಟಿಕೆಟ್ ಹರಿಯುತ್ತಾಳೆ. ನೋಡಲು ಬರುವವರಿಗೆ ಅವಳು ಬರೀ ಟಿಕೆಟ್ ಅಕ್ಕ. ಸಂಗೀತ ಅವಳಿಗೆ ಹತ್ತಲಿಲ್ಲ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ ಎಂದು ಅಪ್ಪ ನಾಲ್ಕು ದಿನಕ್ಕೇ ಪಾಠ ನಿಲ್ಲಿಸಿದ್ದ. ಅವಳ ಪಾಲಿಗೆ ಬಂದದ್ದು ಅಮ್ಮನ ಆರೈಕೆ.

ಅಮ್ಮ ಹಾಸಿಗೆ ಹಿಡಿದಾಗ, ಅವಳ ಕೆಮ್ಮು ಅಭ್ಯಾಸಕ್ಕೆ ಅಡ್ಡಿ ಎಂದು ಅಪ್ಪ ಹಿಂದಿನ ಜಗಲಿಯ ಮೂಲೆಗೆ ಗೋಡೆ ಎಬ್ಬಿಸಿ ಕೋಣೆ ಮಾಡಿಸಿದ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬುದು ಸುಮ್ಮನೆ ಹುಟ್ಟಿದ ಮಾತಲ್ಲ. ನೀರು ಬೇಕಾದರೂ ಅಮ್ಮ ಕೂಗುವಂತಿರಲಿಲ್ಲ, ಬೆರಳ ಗೆಣ್ಣಿನಿಂದ ಗೋಡೆ ತಟ್ಟಬೇಕು. ಆಚೆ ಮಗಳು ಕಿವಿಗೊಟ್ಟು ಕೂತಿರುತ್ತಿದ್ದಳು. ತಟ್ಟಿ ತಟ್ಟಿ ಮಂಚದ ಪಕ್ಕ ಗಾರೆ ಉದುರಿ ಅಂಗೈಯಗಲದ ಗುಳಿ ಬಿದ್ದಿತ್ತು. ಅಮ್ಮ ಹೋದ ಮೇಲೂ ಮಗಳು ಅದನ್ನು ಮೆತ್ತಿಸಲಿಲ್ಲ. ಅಪ್ಪನ ನಂತರ ಮನೆಯನ್ನು ಸ್ಮಾರಕಕ್ಕೆ ಬಿಟ್ಟುಕೊಡುವಾಗ ಅವಳು ತನಗೆಂದು ಕೇಳಿಕೊಂಡದ್ದು ಆ ಕೋಣೆಯೊಂದನ್ನೇ.

ಹೋದ ವರ್ಷ ಸ್ಮಾರಕದ ಸಮಿತಿಯವರು ಮನೆಯ ಹಳೆಯ ಫೋಟೋ ಇದ್ದರೆ ಕೊಡಿ ಎಂದರು. ಅವಳು ಹಿಗ್ಗಿನಿಂದ ಪೆಟ್ಟಿಗೆಯ ತಳದಲ್ಲಿದ್ದುದನ್ನು ತೆಗೆದುಕೊಟ್ಟಳು. ಜಗಲಿಯ ಕಂಬಕ್ಕೆ ಒರಗಿ ಅಮ್ಮ ನಗುತ್ತಿದ್ದಾಳೆ, ತುಂಬಿದ ಬಸುರಿ. ಅಮ್ಮ ನಕ್ಕ ಫೋಟೋ ಅದೊಂದೇ. ನಾಲ್ಕು ಜನ ನೋಡಲಿ ಎಂಬ ಆಸೆ. ಸಮಿತಿಯವರು ಅಮ್ಮನನ್ನು ನೋಡಲಿಲ್ಲ, ಗೋಡೆಯಿಲ್ಲದ ಜಗಲಿಯನ್ನು ನೋಡಿದರು. ತನ್ನ ತಲೆಯ ಮೇಲೆ ತಾನೇ ಚಪ್ಪಡಿ ಎಳೆದುಕೊಂಡಿದ್ದಳು.

ಮೇಲ್ವಿಚಾರಕರು ಬಂದು ಮೆತ್ತಗೆ ಹೇಳಿದರು: "ನಿಮ್ಮ ತಂದೆಯವರಿಗೆ ಹೆಸರು ಬಂದಿದ್ದು ಈ ಫೋಟೋದ ವರ್ಷ. ಮನೆ ಆಗ ಹೇಗಿತ್ತೋ ಹಾಗೇ ಕಾಣ್ಬೇಕಮ್ಮ. ಆ ಕೋಣೆ ಆಗ ಇರ್ಲಿಲ್ಲ ಅಲ್ವಾ?"

"ಆಗ ನಾನೂ ಇರ್ಲಿಲ್ಲ ಸಾರ್," ಎಂದಳು.

ಅವರು ತಮಾಷೆ ಎಂದುಕೊಂಡು ನಕ್ಕರು.

ಗೋಡೆ ಒಂದು ಬೆಳಗಿನಲ್ಲಿ ಉರುಳಿತು. ಗುಳಿ ಬಿದ್ದ ತುಂಡಾದರೂ ಸಿಗಲೆಂದು ಅವಳು ರಾಶಿ ಕೆದಕಿದಳು. ಒಡೆದ ಮೇಲೆ ಎಲ್ಲ ತುಂಡೂ ಒಂದೇ ಥರ. ಅಮ್ಮ ಎರಡನೇ ಸಲ ಸತ್ತಳು, ಈ ಸಲ ತನ್ನ ಕೈಯಿಂದಲೇ ಎಂದು ಅವಳಿಗೆ ಅನ್ನಿಸಿತು. ಈಗ ಬೀದಿಯ ಕೊನೆಯಲ್ಲಿ ಬಾಡಿಗೆ ಕೋಣೆಯಲ್ಲಿದ್ದಾಳೆ. ಅಲ್ಲಿ ಪಕ್ಕದವರು ಮೊಳೆ ಹೊಡೆದರೂ ಎದ್ದು ನೀರಿನ ಲೋಟ ಹುಡುಕುತ್ತಾಳೆ.

ಜಗಲಿಯಲ್ಲಿ ಈಗ ಗಾಳಿ ಚೆನ್ನಾಗಿ ಬರುತ್ತದೆ. ಜನ ಅಲ್ಲಿ ಕೂತು ಅಪ್ಪನ ಪಿಟೀಲಿನ ರೆಕಾರ್ಡ್ ಕೇಳುತ್ತಾರೆ. ಮೊನ್ನೆ ಒಬ್ಬಾಕೆ ಹೊರಡುವಾಗ, ಇಷ್ಟು ದೊಡ್ಡ ಮನೆಯಲ್ಲಿ ಅವರೊಬ್ಬರೇ ಇದ್ದರೇ ಎಂದು ಕೇಳಿದಳು.

"ಇನ್ನೂ ಇಬ್ರು ಇದ್ರಮ್ಮ," ಎಂದಳು ಟಿಕೆಟ್ ಅಕ್ಕ. "ಸದ್ದು ಮಾಡೋ ಹಾಗಿರ್ಲಿಲ್ಲ."