ರೊಕ್ಕ ಹಂಗೇ ಐತಿ

ಗಣಿಯ ದುಡ್ಡು ಕಳೆದುಕೊಂಡವರು ನಮ್ಮ ಸಂಡೂರು ಕಡೆ ಬೇಕಾದಷ್ಟಿದ್ದಾರೆ. ನನ್ನನ್ನು ಕಾಡುವವರು ಕಳೆದುಕೊಳ್ಳದ ಒಬ್ಬರು. ನಮ್ಮೂರು ವಡ್ಡುವಿನಲ್ಲಿ ನಮ್ಮ ಹೊಲದ ಬದುವಿಗೇ ಅವರ ಹೊಲ. ಅದರಡಿ ಅದಿರು ಸಿಕ್ಕಿತು, ಅಗೆಯಲು ಕೊಟ್ಟರು, ಒಮ್ಮೆಗೇ ಕೈತುಂಬ ಹಣ ಬಂತು. ಉಳಿದವರು ಲಾರಿ ಕೊಂಡು ಮುಳುಗಿದರು, ಇಸ್ಪೀಟಿನಲ್ಲಿ ಕಳೆದರು. ಇವರು ಎಲ್ಲವನ್ನೂ ಬ್ಯಾಂಕಿನಲ್ಲಿಟ್ಟು ಬಡ್ಡಿಯಲ್ಲೇ ಸಂಸಾರ ನಡೆಸಿದರು. ಹಳೇ ಸೈಕಲ್ಲನ್ನೂ ಬದಲಿಸಲಿಲ್ಲ. ನಾವೆಲ್ಲ ಮಕ್ಕಳಿಗೆ ಅವರನ್ನೇ ತೋರಿಸಿ ಬುದ್ಧಿ ಹೇಳುತ್ತಿದ್ದೆವು. ಯಾರು ಮಾತಾಡಿಸಿದರೂ ಅವರು ಪಾಸ್‌ಬುಕ್ಕಿದ್ದ ಅಂಗಿಯ ಜೇಬು ತಟ್ಟಿ, "ರೊಕ್ಕ ಹಂಗೇ ಐತ್ರಿ" ಅನ್ನುತ್ತಿದ್ದರು.

ಒಂದು ಎಳ್ಳಮಾವಾಸ್ಯೆಗೆ ನಾವು ಜೋಳದ ಪೈರಿನ ನಡುವೆ ಚರಗ, ಅಂದರೆ ಹಬ್ಬದಡುಗೆಯ ಎಡೆ, ಚೆಲ್ಲುತ್ತಿದ್ದೆವು. ಭೂತಾಯಿಗೆ ಉಣಿಸಲು ಕಡುಬು, ಬುತ್ತಿಯ ಬುಟ್ಟಿ ಹೊತ್ತು ಅವರ ಹೆಂಡತಿಯೂ ಬಂದರು, ಹಿಂದೆ ಇವರು. ಅವರ ಹೊಲವಿದ್ದಲ್ಲಿ ಕೆಂಪು ನೀರು ತುಂಬಿದ ಗುಂಡಿಯಿತ್ತು. ಅಂಚಿನಲ್ಲಿ ನಿಂತು ಇವರು ಎಸೆದ ಕಡುಬು ಬುಳಕ್ಕನೆ ಮುಳುಗಿತು.

ನೋಡಲಾಗದೆ ಕೂಗಿದೆ: "ಮಾವಾ, ನಮ್ಮ ಹೊಲದಾಗ ಚೆಲ್ಲಾಕ ಬರ್ರಿ."

"ಬ್ಯಾಡಪ್ಪ, ನಮಗೇನು ಕಡಿಮಿ? ರೊಕ್ಕ ಹಂಗೇ..." ಎನ್ನುತ್ತಿದ್ದಂತೆ ಅವರ ಕೈ ಜೇಬಿಗೆ ಹೋಯಿತು.

ಹೆಂಡತಿ ಬುಟ್ಟಿಯನ್ನು ಅದೇ ಕೈಗೆ ತುರುಕಿದರು. "ಹಂಗಾದ್ರ ಉಳಿದದ್ದು ಒಯ್ದು ಬ್ಯಾಂಕಿನ ಬಾಗಲದಾಗ ಚೆಲ್ರಿ. ನಮಗ ಅನ್ನ ಹಾಕೋ ಹೊಲ ಈಗ ಅದೇ ಅಲ್ಲೇನು?"